ಉಕ್ಕಿನ ಬಾಗಿಲು: ಆರ್ಡರ್ ಕೊಡುವ ಮೊದಲು ತೀರ್ಮಾನಿಸಬೇಕಾದ ಸಂಗತಿಗಳು

ಕಚೇರಿ ಸಂಕೀರ್ಣ, ಆಸ್ಪತ್ರೆ, ಕಾಲೇಜು, ಮಾಲ್, ಗೋದಾಮು ಯಾವುದೇ ಇರಲಿ, ಮೆಟ್ಟಿಲ ಕೋಣೆಗೆ, ವಿದ್ಯುತ್ ಕೋಣೆಗೆ, ಜನರೇಟರ್ ಕೋಣೆಗೆ, ಟೆರೇಸಿಗೆ ಈಗ ಹೆಚ್ಚಾಗಿ ಹಾಕುವುದು ಉಕ್ಕಿನ ಟೊಳ್ಳು ಬಾಗಿಲುಗಳನ್ನೇ. ಎರಡು ತೆಳು ತಗಡು, ನಡುವೆ ತಿರುಳು, ಸುತ್ತ ಮಡಚಿದ ಅಂಚು, ಹಿಂಜ್ ಮತ್ತು ಬೀಗ ಕೂರುವ ಕಡೆ ಒಳಗೊಂದು ದಪ್ಪ ಪಟ್ಟಿ: ಕದದ ರಚನೆ ಇಷ್ಟೇ. ನಮ್ಮ ಟೆಂಡರುಗಳಲ್ಲಿ ಇದಕ್ಕೆ ಎಚ್‌ಎಂಪಿಎಸ್ ಡೋರ್ ಎಂಬ ಹೆಸರು ರೂಢಿಯಲ್ಲಿದೆ. ಕದದ ದಪ್ಪ ಇಲ್ಲಿ ಸಾಮಾನ್ಯವಾಗಿ 46 ಮಿ.ಮೀ.; ಈ ಬಗೆಯ ಬಾಗಿಲಿಗೆ ಮೊದಲು ವಿವರವಾದ ಮಾನದಂಡ ಬರೆದುಕೊಂಡ ದೇಶಗಳಲ್ಲಿ ಒಂದಾದ ಅಮೆರಿಕದಲ್ಲಿ ಒಂದೂಮುಕ್ಕಾಲು ಇಂಚು, ಅಂದರೆ 44.5 ಮಿ.ಮೀ.

ಬಣ್ಣ ಹೊಡೆದು ನಿಲ್ಲಿಸಿದ ದಿನ ಒಳ್ಳೆಯ ಬಾಗಿಲಿಗೂ ಕಳಪೆ ಬಾಗಿಲಿಗೂ ನೋಟದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಒಂದರ ಮೇಲಂಚಿನಿಂದ ತುಕ್ಕಿನ ನೀರು ಇಳಿಯುತ್ತದೆ, ಇನ್ನೊಂದರ ಹಿಂಜ್ ಸ್ಕ್ರೂ ಸಡಿಲವಾಗಿ ಕದ ನೆಲಕ್ಕೆ ಉಜ್ಜತೊಡಗುತ್ತದೆ. ಮರದ ಬಾಗಿಲಾದರೆ ಬಡಗಿ ಉಜ್ಜುಗೊರಡು ಹಾಕಿ ಸರಿಮಾಡಿಯಾನು. ಉಕ್ಕಿನ ಕದಕ್ಕೆ ಆ ಅವಕಾಶವಿಲ್ಲ. ಹಾಗಾಗಿ ಕಣ್ಣಿಗೆ ಕಾಣದ ಭಾಗಗಳು ಹೇಗಿರಬೇಕೆಂಬುದು ಆರ್ಡರ್ ಕೊಡುವ ಮೊದಲೇ ಕಾಗದದ ಮೇಲೆ ನಿಶ್ಚಯವಾಗಿರಬೇಕು.

ಮೊದಲ ಕೆಲಸ ಬಾಗಿಲುಗಳ ಪಟ್ಟಿ

ಒಂದು ಕಟ್ಟಡದ ಎಲ್ಲ ಬಾಗಿಲುಗಳಿಗೂ ಒಂದೇ ವಿವರಣೆ ಬರೆದುಬಿಡುವುದು ಸಲೀಸು. ಆದರೆ ಅದರಿಂದ ಕೆಲವು ಬಾಗಿಲುಗಳಿಗೆ ಹಣ ದಂಡವಾಗುತ್ತದೆ, ಕೆಲವು ಬೇಗ ಕೆಡುತ್ತವೆ. ಪ್ರತಿ ಬಾಗಿಲಿಗೂ ಒಂದು ಸಂಖ್ಯೆ ಕೊಟ್ಟು, ಅದರ ಎದುರು ನಾಲ್ಕು ವಿಷಯ ಬರೆಯಬೇಕು: ದಿನಕ್ಕೆ ಎಷ್ಟು ಸಲ ತೆರೆಯುತ್ತದೆ, ಟ್ರಾಲಿ ಅಥವಾ ಸ್ಟ್ರೆಚರ್ ತಾಗುತ್ತದೆಯೇ, ಮಳೆ ಬಿಸಿಲಿಗೆ ಒಡ್ಡಿಕೊಂಡಿದೆಯೇ, ಬೆಂಕಿ ತಡೆಯಬೇಕಾದ ಗೋಡೆಯಲ್ಲಿದೆಯೇ.

ಅಮೆರಿಕದ ಸ್ಟೀಲ್ ಡೋರ್ ಇನ್‌ಸ್ಟಿಟ್ಯೂಟ್‌ನ ಮಾನದಂಡದಲ್ಲಿ ಕದಗಳನ್ನು ಯಂತ್ರಕ್ಕೆ ಕಟ್ಟಿ ತೆರೆದು ಮುಚ್ಚುವ ಪರೀಕ್ಷೆಗೆ ಮೂರು ದರ್ಜೆಗಳಿವೆ: 10 ಲಕ್ಷ ಸಲ, 5 ಲಕ್ಷ ಸಲ, 2.5 ಲಕ್ಷ ಸಲ. ಕಾಲೇಜಿನ ಶೌಚಾಲಯದ ಬಾಗಿಲು ದಿನಕ್ಕೆ 500 ಸಲ ತೆರೆಯುತ್ತದೆ, ವರ್ಷಕ್ಕೆ 250 ದಿನ ತರಗತಿ ನಡೆಯುತ್ತದೆ ಎಂದುಕೊಂಡರೆ ವರ್ಷಕ್ಕೆ 1.25 ಲಕ್ಷ ಆವೃತ್ತಿ. ಕೆಳದರ್ಜೆಯ ಪರೀಕ್ಷೆಯ ಲೆಕ್ಕ ಎರಡೇ ವರ್ಷದಲ್ಲಿ ಮುಗಿಯುತ್ತದೆ. ದಿನಕ್ಕೆ ಎರಡು ಸಲ ತೆರೆಯುವ ವಿದ್ಯುತ್ ಕೋಣೆಯ ಬಾಗಿಲಿಗೆ ಅದೇ ದರ್ಜೆ ಕಟ್ಟಡದ ಆಯುಷ್ಯಕ್ಕೂ ಮಿಗುತ್ತದೆ. ಇಂಥ ಲೆಕ್ಕವನ್ನು ಅಂದಾಜಿಗಾದರೂ ಹಾಕಿಕೊಂಡರೆ ಎಲ್ಲಿ ಬಿಗಿಹಿಡಿಯಬೇಕು, ಎಲ್ಲಿ ಧಾರಾಳ ಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಬೆಂಕಿಯ ಲೆಕ್ಕ

ಪಟ್ಟಿಯಾದ ಮೇಲೆ ನೋಡಬೇಕಾದದ್ದು ನಿಯಮ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗದ ಪ್ರಕಾರ ನಿರ್ಗಮನ ಬಾಗಿಲಿನ ಅಗಲ 1000 ಮಿ.ಮೀ.ಗಿಂತ, ಎತ್ತರ 2000 ಮಿ.ಮೀ.ಗಿಂತ ಕಡಿಮೆ ಇರಕೂಡದು. ಜನ ಸೇರುವ ಸಭಾಭವನದಂಥ ಕಟ್ಟಡಗಳಲ್ಲಿ ಅಗಲ 2000 ಮಿ.ಮೀ. ಇರಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು, ಆದರೆ ಹೊರಗಿನ ದಾರಿಗೆ ಅಡ್ಡ ಬರಬಾರದು. ತೆರೆದ ಕೂಡಲೇ ಮೆಟ್ಟಿಲು ಎದುರಾಗಬಾರದು, ನಡುವೆ ಚೌಕಿ ಇರಬೇಕು. ಒಳಗಿನವರು ಕೀಲಿಯ ಹಂಗಿಲ್ಲದೆ ತೆರೆಯುವಂತಿರಬೇಕು. ಅಗಲದ ವಿಷಯದಲ್ಲಿ ನಕ್ಷೆ ಬರೆಯುವವರೇ ಎಡವುವುದುಂಟು. 1000 ಮಿ.ಮೀ. ಕದ ಹಾಕಿದರೆ 1000 ಮಿ.ಮೀ. ದಾರಿ ಸಿಗುವುದಿಲ್ಲ: ತೆರೆದು ನಿಂತಾಗ ಕದದ ದಪ್ಪ, ಅದರ ಮೇಲಿನ ಪ್ಯಾನಿಕ್ ಬಾರ್ (ತಳ್ಳಿದರೆ ಬೀಗ ಬಿಡುವ ಅಡ್ಡಪಟ್ಟಿ) ಎರಡೂ ದಾರಿಯೊಳಕ್ಕೆ ಚಾಚಿಕೊಳ್ಳುತ್ತವೆ. ಬೇಕಾದ ದಾರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಕದದ ಅಳತೆಗೆ ಬರಬೇಕು.

ಬೆಂಕಿ ಬಾಗಿಲಿನ ಭಾರತೀಯ ಮಾನಕ ಐಎಸ್ 3614. ಅಗ್ನಿಪರೀಕ್ಷೆಯ ಕುಲುಮೆಯಲ್ಲಿ ಉಷ್ಣತೆ ಅಂತಾರಾಷ್ಟ್ರೀಯ ಐಎಸ್‌ಒ 834 ರೇಖೆಯಂತೆ ಏರುತ್ತದೆ: 30 ನಿಮಿಷಕ್ಕೆ ಸುಮಾರು 840 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆಗೆ 945, ಎರಡು ಗಂಟೆಗೆ 1049. ಇದರ ಎದುರು ಬಾಗಿಲು ಎರಡು ಬಗೆಯಲ್ಲಿ ಗೆಲ್ಲಬಹುದು. ಜ್ವಾಲೆ ಆಚೆ ದಾಟದಂತೆ ತಡೆದು ನಿಲ್ಲುವುದು ಒಂದು. ಆಚೆ ಬದಿ ಕಾದು ಕೆಂಡವಾಗದಂತೆಯೂ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ತೇರ್ಗಡೆಯಾಗಲು ಆಚೆ ಮೈಯ ಉಷ್ಣತೆ ಸರಾಸರಿ 140 ಡಿಗ್ರಿಗಿಂತ, ಯಾವುದೇ ಒಂದು ಬಿಂದುವಿನಲ್ಲಿ 180 ಡಿಗ್ರಿಗಿಂತ ಹೆಚ್ಚು ಏರಕೂಡದು. ಮಾರಾಟಗಾರರ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಕಾಣುವ 120 ನಿಮಿಷ ಎಂಬುದು ಬಹಳ ಸಲ ಮೊದಲನೆಯದಕ್ಕೆ ಮಾತ್ರ ಅನ್ವಯಿಸುತ್ತದೆ. ಕಾಗದದ ತಿರುಳಿನ ಕದವೂ ಆ ಪರೀಕ್ಷೆಯಲ್ಲಿ ಎರಡು ಗಂಟೆ ನಿಲ್ಲಬಲ್ಲದು ಎಂದರೆ ಆಶ್ಚರ್ಯವಾದೀತು. ಕಾಗದ ಉರಿದುಹೋದರೂ ತಗಡು, ಚೌಕಟ್ಟು, ಬೀಗದ ನಾಲಗೆ ಸೇರಿ ಜ್ವಾಲೆಯನ್ನು ತಡೆದಿರುತ್ತವೆ. ಅಷ್ಟರಲ್ಲಿ ಆಚೆ ಬದಿಯ ಉಕ್ಕು ಹತ್ತಿರ ಸುಳಿಯಲಾರದಷ್ಟು ಕಾದಿರುತ್ತದೆ. ಗೋದಾಮಿನ ಮೂಲೆಯ ಬಾಗಿಲಿಗೆ ಅದು ಸಾಕು. ಜನ ಇಳಿದು ಓಡಬೇಕಾದ ಮೆಟ್ಟಿಲ ಪಕ್ಕದ ಬಾಗಿಲಿಗೆ ಶಾಖ ತಡೆಯುವ ಖನಿಜ ಹಲಗೆಯ ತಿರುಳನ್ನೇ ಕೇಳಬೇಕು.

ಹೊಗೆಯ ಲೆಕ್ಕ ಬೇರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಹೊಗೆಗೆ ಸಿಕ್ಕಿ, ಹೊಗೆ ತಾಳಲಾರದೆ ಮೇಲಿನಿಂದ ಜಿಗಿದು 9 ಮಂದಿ ಸತ್ತರು. ಕೇಬಲ್ ಹಾಯುವ ಶಾಫ್ಟ್‌ಗಳ ಬಾಗಿಲು ಮತ್ತು ಮೆಟ್ಟಿಲ ಬಾಗಿಲುಗಳಿಗೆ ಹೊಗೆ ತಡೆಯುವ ಪಟ್ಟಿ ಬೇಕೆಂದು ಪ್ರತ್ಯೇಕವಾಗಿ ಬರೆಯದಿದ್ದರೆ ಅದು ಬರುವುದಿಲ್ಲ. ಪ್ರಮಾಣಪತ್ರ ನೋಡುವಾಗ ಕದ, ಚೌಕಟ್ಟು, ಹಿಂಜ್, ಬೀಗ, ಕ್ಲೋಸರ್, ಗಾಜು ಎಲ್ಲವೂ ಒಟ್ಟಾಗಿ ಪರೀಕ್ಷೆಗೆ ಒಳಗಾಗಿವೆಯೇ ಎಂಬುದನ್ನು ಗಮನಿಸಬೇಕು. ಪ್ರಮಾಣಿತ ಕದವನ್ನು ಯಾವುದೋ ಚೌಕಟ್ಟಿಗೆ ನೇತುಹಾಕಿದರೆ ಆ ಪತ್ರ ಗೋಡೆಗೆ ತೂಗುಹಾಕಲಷ್ಟೇ ಲಾಯಕ್ಕು.

ತಗಡು ಎಷ್ಟು ದಪ್ಪ?

ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು. ಅಮೆರಿಕದ ಮಾನದಂಡದಲ್ಲಿ 20 ಗೇಜ್ ಎಂದರೆ ಕನಿಷ್ಠ 0.8 ಮಿ.ಮೀ., 18 ಗೇಜ್ 1.0, 16 ಗೇಜ್ 1.3, 14 ಗೇಜ್ 1.7. ಮೊದಲನೆಯದು ಹಗುರ ಬಳಕೆಗೆ, ಕೊನೆಯದು ಗುದ್ದು ಮತ್ತು ಕಳ್ಳಕಾಕರ ಭಯವಿರುವ ಕಡೆಗೆ. ಭಾರತದಲ್ಲಿ ಕದಕ್ಕೆ 0.8 ಅಥವಾ 1.2 ಮಿ.ಮೀ., ಚೌಕಟ್ಟಿಗೆ 1.6 ಮಿ.ಮೀ. ಎಂದು ಬರೆಯುವ ವಾಡಿಕೆಯಿದೆ. ಟೆಂಡರಿನಲ್ಲಿ ಗೇಜ್ ಬದಲು ಮಿ.ಮೀ. ಬರೆಯುವುದು ಕ್ಷೇಮ, ಅದರ ಹಿಂದೆ ‘ಕನಿಷ್ಠ’ ಎಂಬ ಪದವೂ ಇರಲಿ. ಬಂದ ಮಾಲನ್ನು ತೂಗಿ ನೋಡುವ ದಾರಿಯೂ ಇದೆ. ಉಕ್ಕು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕಿಲೋ ತೂಗುತ್ತದೆ. 1000 ಮಿ.ಮೀ. ಅಗಲ, 2100 ಮಿ.ಮೀ. ಎತ್ತರದ ಕದದಲ್ಲಿ 0.8 ಮಿ.ಮೀ.ನ ಎರಡು ತಗಡುಗಳೇ 26 ಕಿಲೋ ಚಿಲ್ಲರೆ, 1.2 ಮಿ.ಮೀ.ನದಾದರೆ 39 ಕಿಲೋಗೂ ಮೇಲೆ. ತಿರುಳು, ಪಟ್ಟಿ, ಅಂಚು ಸೇರಿದ ಇಡೀ ಕದವೇ 35 ಕಿಲೋ ತೂಗಿದರೆ ಅದು 1.2 ಮಿ.ಮೀ. ತಗಡಿನದಲ್ಲ ಎಂದು ಹೇಳಲು ಬೇರೆ ಯಂತ್ರ ಬೇಕಿಲ್ಲ.

ತುಕ್ಕಿನ ವಿಷಯದಲ್ಲಿ ದಪ್ಪಕ್ಕಿಂತ ಸತುವಿನ ಲೇಪ ಮುಖ್ಯ. 120 ಜಿಎಸ್‌ಎಂ ಎಂದರೆ ಚದರ ಮೀಟರ್ ತಗಡಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು, ಅಂದರೆ ಬದಿಗೆ ಎಂಟು ಮೈಕ್ರಾನ್ ಚಿಲ್ಲರೆ. ಒಣಹವೆಯ ಬಯಲುಸೀಮೆಯಲ್ಲಿ ಒಳಾಂಗಣಕ್ಕೆ ಇದು ಸಾಕು. ಮಂಗಳೂರು, ಕಾರವಾರದಂಥ ಕಡಲತೀರದಲ್ಲಿ ಹೊರಬಾಗಿಲಿಗೆ 275 ಜಿಎಸ್‌ಎಂ ಕೇಳಬೇಕು. ಉಪ್ಪುಗಾಳಿ ನೇರವಾಗಿ ಬಡಿಯುವ ಕಡೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ದುಬಾರಿಯೆನಿಸಿದರೂ ಮತ್ತೆ ಮತ್ತೆ ಬಾಗಿಲು ಬದಲಿಸುವುದಕ್ಕಿಂತ ಅಗ್ಗ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗಿರುತ್ತದೆ. ಅಲ್ಲಿ ಉಜ್ಜಿ, ಸತು ಹೆಚ್ಚಿರುವ ಪ್ರೈಮರ್ ಹಚ್ಚಬೇಕೆಂಬ ಒಂದು ಸಾಲನ್ನು ಬಿಟ್ಟರೆ ತುಕ್ಕು ಮೊದಲು ಹುಟ್ಟುವುದೇ ಅಲ್ಲಿ.

ತಿರುಳು

ಅಗ್ಗದ್ದೂ ಹೆಚ್ಚು ಬಳಕೆಯಲ್ಲಿರುವುದೂ ಜೇನುಗೂಡಿನ ಆಕಾರದ ಕ್ರಾಫ್ಟ್ ಕಾಗದ. ಎರಡೂ ತಗಡಿಗೆ ಅಂಟಿಕೊಂಡು ನಿಂತಾಗ ಅದು ಕದಕ್ಕೆ ಒಳ್ಳೆಯ ಬಿಗಿ ಕೊಡುತ್ತದೆ. ಕೆಲಸ ಮಾಡುವುದು ಕಾಗದ ಮತ್ತು ಅಂಟು ಎರಡೂ, ಹಾಗಾಗಿ ಅಂಟು ಎಲ್ಲ ಕಡೆ ಹರಡಿರಬೇಕು. ಬೆರಳ ಗೆಣ್ಣಿನಿಂದ ಕದವನ್ನು ಮೇಲಿಂದ ಕೆಳಗೆ ತಟ್ಟುತ್ತ ಬಂದರೆ ಅಂಟು ಬಿಟ್ಟ ಜಾಗದ ಸದ್ದು ಬೇರೆಯಾಗಿ ಕೇಳುತ್ತದೆ. ಎಸಿ ಕೋಣೆಯ, ಶೀತಲಗೃಹದ ಬಾಗಿಲಿಗೆ ಪಾಲಿಯುರಿಥೇನ್ ನೊರೆ ಲೇಸು. ತಿರುಳಿನ ಶಾಖನಿರೋಧದ ಅಂಕಿಯನ್ನೇ ಬಾಗಿಲಿನದೆಂದು ನಂಬಬಾರದು, ಸುತ್ತಲಿನ ಉಕ್ಕಿನ ಅಂಚಿನ ಮೂಲಕ ಶಾಖ ಸುಲಭವಾಗಿ ದಾಟುತ್ತದೆ.

ಗುದ್ದು ಬೀಳುವ ಕಡೆ, ಅಂದರೆ ಕಾರ್ಖಾನೆಯ ಓಣಿ, ಹಾಸ್ಟೆಲ್, ಜೈಲು, ಸರಕು ಇಳಿಸುವ ಕಟ್ಟೆಯಂಥಲ್ಲಿ, ಕದದೊಳಗೆ ಲಂಬವಾಗಿ ಉಕ್ಕಿನ ಪಕ್ಕೆಗಳನ್ನು ಸುಮಾರು 150 ಮಿ.ಮೀ.ಗೊಂದರಂತೆ ನಿಲ್ಲಿಸಿ ಎರಡೂ ತಗಡಿಗೆ ಬೆಸೆದಿರುತ್ತಾರೆ. ನಡುವಿನ ಜಾಗಕ್ಕೆ ಗಾಜಿನ ನಾರು ತುಂಬುತ್ತಾರೆ. ತೂಕವೂ ಬೆಲೆಯೂ ಏರುತ್ತವೆ. ಕಚೇರಿಯ ಒಳಬಾಗಿಲಿಗೆ ಇದನ್ನು ಬರೆಯುವುದು ದುಂದು.

ಅಂಚು, ತಲೆ, ಬುಡ

ಎರಡು ತಗಡು ಅಂಚಿನಲ್ಲಿ ಕೂಡುವ ಬಗೆ ಎರಡು. ಒಂದರ ತುದಿಯನ್ನು ಇನ್ನೊಂದಕ್ಕೆ ಕೊಕ್ಕೆಯಂತೆ ಸಿಕ್ಕಿಸಿ ಒತ್ತಿದರೆ ಅಂಚಿನುದ್ದಕ್ಕೂ ಒಂದು ಗೆರೆ ಕಾಣುತ್ತದೆ. ಆ ಸಂದನ್ನು ಬೆಸೆದು, ತುಂಬಿ, ಉಜ್ಜಿದರೆ ಗೆರೆ ಮಾಯ. ಕಚೇರಿಗೆ ಮೊದಲನೆಯದರಲ್ಲಿ ತಪ್ಪೇನಿಲ್ಲ. ಆಪರೇಷನ್ ಕೋಣೆ, ಔಷಧ ತಯಾರಿಕೆ, ಆಹಾರ ಸಂಸ್ಕರಣೆಯ ಕಡೆ ಆ ಗೆರೆಯಲ್ಲಿ ಕೊಳೆ ಕೂರುವುದರಿಂದ ಸಂದಿಲ್ಲದ ಅಂಚೇ ಬೇಕು. ಬೀಗದ ಬದಿಯ ಅಂಚು 50 ಮಿ.ಮೀ.ಗೆ 3 ಮಿ.ಮೀ.ನಷ್ಟು ಓರೆಯಾಗಿದ್ದರೆ ಕದ ಚೌಕಟ್ಟಿಗೆ ತಾಗದೆ ಹಾಯುತ್ತದೆ.

ಹೊರಬಾಗಿಲಿನಲ್ಲಿ ತಲೆಯ ವಿವರ ಹೆಚ್ಚು ಅನಾಹುತ ಮಾಡುತ್ತದೆ. ಕದದ ಮೇಲ್ತುದಿಯಲ್ಲಿ ಒಂದು ಚಾನೆಲ್ ಇರುತ್ತದೆ. ಅದರ ಬಾಯಿ ಮೇಲ್ಮುಖವಾಗಿದ್ದರೆ ಅದೊಂದು ಪುಟ್ಟ ದೋಣಿಯಂತಾಗಿ ಮಳೆನೀರು ಅಲ್ಲಿ ನಿಲ್ಲುತ್ತದೆ. ಟೆರೇಸಿನ ಬಾಗಿಲು ಹೊರಕ್ಕೆ ತೆರೆಯುವುದರಿಂದ ಮಳೆಯಲ್ಲಿ ತೆರೆದಿಟ್ಟಾಗ ನೀರು ನೇರ ತಲೆಯ ಮೇಲೆಯೇ ಬೀಳುತ್ತದೆ, ನಿಧಾನವಾಗಿ ಒಳಗಿಳಿದು ಕಾಗದದ ತಿರುಳನ್ನು ನೆನೆಸುತ್ತದೆ. ಚಾನೆಲ್ ಮೇಲೆ ಉಕ್ಕಿನ ಮುಚ್ಚಳ ಹಾಕಿ ಸಂದು ಮುಚ್ಚಬೇಕು ಎಂದು ಬರೆದರೆ ಸಾಕು, ಖರ್ಚು ಅಲ್ಪ. ಬಣ್ಣ ಹೊಡೆಯುವವರು ಏಣಿ ಹತ್ತದೆ ಬಿಟ್ಟುಬಿಡುವ ಜಾಗವೂ ಇದೇ ಮೇಲಂಚು.

ಒಳಪಟ್ಟಿಗಳು

ಬಾಗಿಲು ಕೆಡುವುದು ತಗಡು ತೆಳುವಾದ್ದರಿಂದ ಎನ್ನುವುದಕ್ಕಿಂತ ಹಿಂಜ್ ಸ್ಕ್ರೂಗೆ ಒಳಗೆ ಹಿಡಿತವಿಲ್ಲದ್ದರಿಂದ ಎನ್ನುವುದು ಹೆಚ್ಚು ಸರಿ. ಒಂದು ಮಿ.ಮೀ. ತಗಡಿನಲ್ಲಿ ಸ್ಕ್ರೂವಿನ ಮರೆಗೆ ಒಂದೆರಡು ಸುತ್ತಿನಷ್ಟೇ ಜಾಗ. 50 ಕಿಲೋ ಕದವನ್ನು ಮೇಲಿನ ಹಿಂಜ್ ದಿನವಿಡೀ ಎಳೆದು ಹಿಡಿದಿರುತ್ತದೆ. ಗಾಳಿಗೆ ಧಡಾರೆಂದು ಬಡಿದುಕೊಂಡಾಗಲಂತೂ ಆ ಸ್ಕ್ರೂಗಳಿಗೆ ಬೀಳುವ ಪೆಟ್ಟು ದೊಡ್ಡದು. ಅಮೆರಿಕದಲ್ಲಿ ಹಿಂಜ್ ಹಿಂದೆ 7 ಗೇಜ್ ಪಟ್ಟಿ, ಅಂದರೆ ನಾಲ್ಕೂವರೆ ಮಿ.ಮೀ. ದಪ್ಪದ ಉಕ್ಕು, ಸಾಮಾನ್ಯ. 3 ಮಿ.ಮೀ.ಗಿಂತ ತೆಳುವಾದದ್ದನ್ನು ಒಪ್ಪದಿರುವುದು ಒಳಿತು. ಪಟ್ಟಿ ಕದದಲ್ಲೂ ಚೌಕಟ್ಟಿನಲ್ಲೂ ಬೇಕು, ರಂಧ್ರಗಳಿಗೆ ಕಾರ್ಖಾನೆಯಲ್ಲೇ ಟ್ಯಾಪಿಂಗ್ ಆಗಿರಬೇಕು. ತಗಡಿನ ದಪ್ಪಕ್ಕೆ ಸುರಿಯುವ ಹಣದಲ್ಲಿ ಕೊಂಚವನ್ನು ಈ ಪಟ್ಟಿಗೂ ಚೌಕಟ್ಟಿಗೂ ತಿರುಗಿಸಿದರೆ ಅದೇ ಬಜೆಟ್ಟಿನಲ್ಲಿ ಬಾಗಿಲು ಹೆಚ್ಚು ಕಾಲ ಬಾಳುತ್ತದೆ.

ಹಿಂಜ್ ಸಂಖ್ಯೆಗೆ ಸರಳ ಲೆಕ್ಕ: 90 ಇಂಚು, ಅಂದರೆ ಸುಮಾರು 2285 ಮಿ.ಮೀ. ಎತ್ತರದವರೆಗೆ ಮೂರು, ಆಮೇಲೆ ಪ್ರತಿ 30 ಇಂಚಿಗೆ ಇನ್ನೊಂದು. ಬೀಗ, ಕ್ಲೋಸರ್, ಪ್ಯಾನಿಕ್ ಬಾರ್ ಕೂರುವಲ್ಲೂ ಒಳಪಟ್ಟಿ ಬೇಕು, ಮತ್ತು ಅವುಗಳ ಜಾಗ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಬೀಗ ಯಾವುದೆಂದು ಆಮೇಲೆ ನೋಡೋಣ ಎಂದು ಕದಕ್ಕೆ ಮೊದಲು ಆರ್ಡರ್ ಕೊಡುವುದು ಇಲ್ಲಿನ ದೊಡ್ಡ ಎಡವಟ್ಟು. ಹಾರ್ಡ್‌ವೇರ್‌ನ ಮಾದರಿ ಸಂಖ್ಯೆ, ಕೊರೆಯುವ ನಕ್ಷೆ ಎರಡೂ ಬಾಗಿಲು ಕಾರ್ಖಾನೆಗೆ ಮುಟ್ಟುವವರೆಗೆ ತಗಡು ಕತ್ತರಿಸಲು ಬಿಡಬಾರದು. ಕಾರ್ಡ್ ಉಜ್ಜಿ ತೆರೆಯುವ ಬೀಗವಾದರೆ ವೈರ್ ಹಾಯುವ ಕೊಳವೆಯೂ ಒಳಗೇ ಇರಬೇಕು. ನಂತರ ಸೈಟಿನಲ್ಲಿ ಡ್ರಿಲ್ ಹಿಡಿದರೆ ಬೆಂಕಿ ಬಾಗಿಲಿನ ಮಾನ್ಯತೆಗೇ ಕುತ್ತು.

ಕ್ಲೋಸರನ್ನು ತೂಕ ನೋಡಿ ಮಾತ್ರ ಆರಿಸುವವರಿದ್ದಾರೆ. ಯುರೋಪಿನ ಇಎನ್ 1154 ಮಾನದಂಡದಂತೆ 3ನೇ ಅಳತೆ 60 ಕಿಲೋ ಮತ್ತು 950 ಮಿ.ಮೀ. ಅಗಲದವರೆಗೆ, 4ನೇ ಅಳತೆ 80 ಕಿಲೋ ಮತ್ತು 1100 ಮಿ.ಮೀ.ವರೆಗೆ. 50 ಕಿಲೋ ತೂಗುವ 1000 ಮಿ.ಮೀ. ಕದ ತೂಕದ ಲೆಕ್ಕದಲ್ಲಿ 3ಕ್ಕೆ, ಅಗಲದ ಲೆಕ್ಕದಲ್ಲಿ 4ಕ್ಕೆ ಬರುತ್ತದೆ. ಎರಡರಲ್ಲಿ ದೊಡ್ಡದನ್ನೇ ಹಿಡಿಯಬೇಕು. ಎರಡು ಕದದ ಬೆಂಕಿ ಬಾಗಿಲಾದರೆ ಯಾವುದು ಮೊದಲು ಮುಚ್ಚಬೇಕೆಂದು ನಿಯಂತ್ರಿಸುವ ಕೋಆರ್ಡಿನೇಟರ್ ಮರೆಯಬಾರದು. ಅದಿಲ್ಲದಿದ್ದರೆ ಎರಡು ಕದಗಳ ನಡುವಿನ ಸಂದು ಮುಚ್ಚುವ ಪಟ್ಟಿಯಿರುವ ಕದ ಮೊದಲು ಬಂದು ನಿಂತು ಇನ್ನೊಂದನ್ನು ಹೊರಗೇ ತಡೆಯುತ್ತದೆ.

ಚೌಕಟ್ಟು ಗೋಡೆಗೆ ತಕ್ಕಂತೆ

ಚೌಕಟ್ಟಿನ ಆಯ್ಕೆಗೆ ಗೋಡೆಯೇ ಆಧಾರ. ಇಟ್ಟಿಗೆ, ಸಾಲಿಡ್ ಬ್ಲಾಕ್, ಕಾಂಕ್ರೀಟ್ ಗೋಡೆಗೆ ಮೂಲೆ ಬೆಸೆದ ಚೌಕಟ್ಟು ಗಟ್ಟಿ. ಜಿಪ್ಸಮ್ ಗೋಡೆ ಎದ್ದ ಮೇಲೆ ಕೂರಿಸುವುದಾದರೆ ಮೂರು ತುಂಡುಗಳಾಗಿ ಬಂದು ಸೈಟಿನಲ್ಲಿ ಜೋಡಿಸುವ ಬಗೆ ಅನುಕೂಲ. ಗೋಡೆಯ ದಪ್ಪಕ್ಕೆ ಗಾರೆಯ ಎರಡೂ ಪದರ ಸೇರಿಸಿ ಅಳೆಯಬೇಕು; ಬರಿ ಬ್ಲಾಕಿನ ಅಳತೆ ಕೊಟ್ಟರೆ ಗಾರೆ ಚೌಕಟ್ಟಿನ ಮೇಲೇರಿ ಬರುತ್ತದೆ. ಎರಡೂ ನಿಲುವುಗಳಲ್ಲಿ ಹಿಂಜ್‌ಗಳ ಎತ್ತರಕ್ಕೆ ಸಮನಾಗಿ ಗೋಡೆಯ ಹಿಡಿಕೆಗಳು, ಮಾಮೂಲಿ ಎತ್ತರಕ್ಕೆ ಬದಿಗೆ ಕನಿಷ್ಠ ಮೂರು, ಬುಡದಲ್ಲಿ ನೆಲದ ಹಿಡಿಕೆ ಬೇರೆ. ಪೊಳ್ಳಿಗೆ ಗಾರೆ ತುಂಬುವುದಾದರೆ ಹಿಂಜ್ ಮತ್ತು ಬೀಗದ ರಂಧ್ರಗಳ ಹಿಂದೆ ತಗಡಿನ ಡಬ್ಬಿ ಬೆಸೆದಿರಬೇಕು, ಇಲ್ಲವಾದರೆ ಸ್ಕ್ರೂ ಹೋಗುವ ಜಾಗದಲ್ಲಿ ಸಿಮೆಂಟು ಗಟ್ಟಿಯಾಗಿ ಕೂರುತ್ತದೆ. ಗಾರೆ ತಾಗುವ ಒಳಮೈಗೆ ಬಿಟುಮೆನ್ ಲೇಪ ಹಚ್ಚಿಸುವುದು ಒಳ್ಳೆಯದು. ಬೀಗದ ಬದಿಯ ನಿಲುವಿಗೆ ಮೂರು ರಬ್ಬರ್ ಗುಂಡಿ ಹಾಕಿದರೆ ಉಕ್ಕಿಗೆ ಉಕ್ಕು ಬಡಿಯುವ ಸದ್ದು ಅಡಗುತ್ತದೆ.

ಗಾಜಿನ ಕಿಂಡಿ ಇಡುವುದಾದರೆ ಬೀಡಿಂಗ್‌ನ ಸ್ಕ್ರೂ ಸುರಕ್ಷಿತ ಬದಿಗಿರಲಿ; ಬೆಂಕಿ ಬಾಗಿಲಿನಲ್ಲಿ ಪರೀಕ್ಷಿತ ಅಗ್ನಿನಿರೋಧಕ ಗಾಜು ಮಾತ್ರ, ಪರೀಕ್ಷಿಸಿದ ಅಳತೆಯೊಳಗೆ ಮಾತ್ರ. ವಿದ್ಯುತ್ ಕೋಣೆಗೆ ಗಾಳಿ ಬೇಕೆಂದು ಬೆಂಕಿ ಬಾಗಿಲಿಗೆ ಸೀಳುಕಿಂಡಿ ಕೊರೆಸಿದರೆ ಅದು ಬೆಂಕಿ ಬಾಗಿಲಾಗಿ ಉಳಿಯುವುದಿಲ್ಲ, ಗಾಳಿಗೆ ಡಕ್ಟ್‌ನ ದಾರಿ ನೋಡಬೇಕು. ಎಡಗೈ ಬಾಗಿಲು, ಬಲಗೈ ಬಾಗಿಲು ಎಂಬ ಪದಗಳನ್ನು ನೆಚ್ಚಿಕೊಳ್ಳದೆ ಪ್ರತಿ ಬಾಗಿಲಿಗೂ ಹಿಂಜ್ ಬದಿ, ತೆರೆಯುವ ದಿಕ್ಕು ತೋರಿಸುವ ಪುಟ್ಟ ಚಿತ್ರ ಲಗತ್ತಿಸುವುದೇ ನಿಶ್ಚಿಂತೆ, ಏಕೆಂದರೆ ಆ ಪದಗಳನ್ನು ಎಲ್ಲರೂ ಒಂದೇ ಬದಿಯಿಂದ ಅಳೆಯುವುದಿಲ್ಲ.

ಸೈಟಿಗೆ ಬಂದ ಮೇಲೆ

ಕದಗಳನ್ನು ಸೂರಿನಡಿ, ಸುಮಾರು 100 ಮಿ.ಮೀ. ಎತ್ತರದ ಮರದ ತುಂಡುಗಳ ಮೇಲೆ ನೇರ ನಿಲ್ಲಿಸಬೇಕು, ಒಂದಕ್ಕೊಂದು ಅಂಟದಂತೆ ನಡುವೆ ಸಂದು ಬಿಡಬೇಕು. ಕಾಳಜಿ ಹೆಚ್ಚಾಗಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಸುತ್ತಿಟ್ಟರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ.

ಬೆಸೆದ ಚೌಕಟ್ಟಿನ ಬುಡದಲ್ಲಿ ಸಾಗಣೆಗೆಂದು ಒಂದು ಅಡ್ಡಪಟ್ಟಿ ಇರುತ್ತದೆ. ಮೇಸ್ತ್ರಿಗಳು ಅದನ್ನೇ ಅಳತೆಗೋಲೆಂದು ನಂಬಿ ಹಾಗೇ ನಿಲ್ಲಿಸಿ ಗಾರೆ ತುಂಬುತ್ತಾರೆ. ಲಾರಿಯಲ್ಲಿ ಕುಲುಕಿ ಅದು ಬಾಗಿರುತ್ತದೆ, ಚೌಕಟ್ಟೂ ಅದರಂತೆ ನಿಲ್ಲುತ್ತದೆ. ಅದನ್ನು ಕತ್ತರಿಸಿ ತೆಗೆದು, ಬಾಗಿಲಿನ ನಿಖರ ಅಗಲಕ್ಕೆ ಕೊಯ್ದ ಮರದ ಅಡ್ಡಗಳನ್ನು ಬುಡದಲ್ಲಿ ಒಂದು, ನಡುಮಟ್ಟದಲ್ಲಿ ಒಂದು ಇಡಬೇಕು. ಆಮೇಲೆ ತೂಗುಗುಂಡು, ರಸಮಟ್ಟ, ಮೂಲೆಯಿಂದ ಮೂಲೆಗೆ ಟೇಪು. ಲಂಬ, ಮೂಲೆಮಟ್ಟ, ತಿರುಚು ಯಾವುದರಲ್ಲೂ ದೋಷ ಒಂದೂವರೆ ಮಿ.ಮೀ. ದಾಟಬಾರದು. ಗಾರೆಯನ್ನು ನೀರುನೀರಾಗಿ ಒಂದೇ ಸಲ ಸುರಿದರೆ ನಿಲುವು ಉಬ್ಬುತ್ತದೆ; ಗಟ್ಟಿಯಾಗಿ ಕಲಸಿ ಹಂತಹಂತವಾಗಿ ತುಂಬಬೇಕು.

ಕದ ನೇತುಹಾಕಿದ ಮೇಲೆ ಮೂರು ಬದಿಯ ಸಂದು ಸುಮಾರು 3 ಮಿ.ಮೀ. ಸಮನಾಗಿರಬೇಕು. ಕೆಳಗೆ, ನೆಲದ ಟೈಲ್ಸ್ ಹಾಕಿ ಮುಗಿದ ಮೇಲೆ ಅಳೆದಾಗ, ಬೆಂಕಿ ಬಾಗಿಲಿಗೆ ಅಮೆರಿಕದ ನಿಯಮ ಒಪ್ಪುವ ಗರಿಷ್ಠ 19 ಮಿ.ಮೀ.; ಹೊಗೆ ತಡೆಯಬೇಕಾದ ಕಡೆ ಅದಕ್ಕಿಂತ ಬಹಳ ಕಡಿಮೆ ಇದ್ದು, ಕೆಳಗೆ ಇಳಿಯುವ ಪಟ್ಟಿ ಬೇಕು. ಹಸ್ತಾಂತರದ ದಿನ ಪ್ರತಿ ಬಾಗಿಲನ್ನೂ ಪೂರ್ತಿ ತೆರೆದು ಕೈಬಿಡಬೇಕು, ನಂತರ ಗೇಣಗಲ ತೆರೆದು ಕೈಬಿಡಬೇಕು. ಎರಡೂ ಸಲ ನಾಲಗೆ ತಾನಾಗಿ ಕಚ್ಚಿಕೊಳ್ಳದಿದ್ದರೆ ಕ್ಲೋಸರ್ ತಿದ್ದಿಸಿ ಮತ್ತೆ ನೋಡಬೇಕು. ಹಿಂಜ್ ಬದಿಯ ಅಂಚಿನಲ್ಲಿರುವ ಪ್ರಮಾಣಪತ್ರದ ಲೋಹದ ಚೀಟಿಯ ಮೇಲೆ ಬಣ್ಣ ಬಿದ್ದಿದ್ದರೆ ಅಂದೇ ಒರೆಸಿಸಬೇಕು; ಅಗ್ನಿಶಾಮಕ ಇಲಾಖೆಯ ತಪಾಸಣೆಯಲ್ಲಿ ಓದಬೇಕಾದದ್ದು ಅದನ್ನೇ.